ಮೋಹನ ಕೇಳಿದರೆ ಒಳಗೆ ಬರಬೇಡ

ಫೆಬ್ರವರಿ ೩

ಮಗಳೇ,

ಇಲ್ಲಿ ಎಲ್ಲರೂ ಸುಖ. ನೀನೂ ಹಾಗೆಯೇ ಇದ್ದೀಯ ಎಂದುಕೊಂಡಿದ್ದೇನೆ. ಆಸ್ಪತ್ರೆಯಲ್ಲಿ ಕೆಲಸ ಇದ್ದದ್ದೇ, ಹೊತ್ತಿಗೆ ಸರಿಯಾಗಿ ಉಣ್ಣು. ಪ್ಲಾಸ್ಟರ್ ಪುಡಿ ತಲೆಯಲ್ಲಿ ಕೂತರೆ ಒಣಗಿದ ಮೇಲೆ ಬಾಚಬೇಡ, ಕೂದಲು ಕಿತ್ತುಬರುತ್ತದೆ.

ನಿಮ್ಮ ಅಪ್ಪನಿಗೆ ಕೈತುಂಬ ಕೆಲಸ. ಯಾವ ರಾಗಕ್ಕೆ ಯಾವ ರಸ ಎಂದು ಭಾಷಣ ಮಾಡಲು ಕರೆ ಬಂದಿದೆ, ದಿನವೂ ಅದನ್ನೇ ಬರೆಯುತ್ತಾರೆ. ದೊಡ್ಡ ಶಿಷ್ಯರೆಲ್ಲ ಅವರ ಕೋಣೆಯಲ್ಲಿ. ಚಿಕ್ಕ ಹುಡುಗಿಯರು ನನ್ನ ಪಾಲು, ಅಡಿಗೆಮನೆಯ ಪಕ್ಕದ ಪಡಸಾಲೆಯಲ್ಲಿ. ಹೋದ ವಾರ ಅವರಿಗೆ ಶಿವರಂಜಿನಿ ಶುರು ಮಾಡಿದ್ದೆ. ಅದರ ಸಾದಾರಣ ಗಾಂದಾರ ಒಬ್ಬಳ ಬಾಯಲ್ಲೂ ನಿಲ್ಲಲಿಲ್ಲ, ಬಿಟ್ಟೆ. ಈ ವಾರ ಬರೀ ಮೋಹನ ರಾಗ. ಬೆಳಿಗ್ಗೆ ಮೋಹನ, ಸಂಜೆ ಮೋಹನ. ನಿನ್ನೆಯಂತೂ ಬಹಳ ಹೊತ್ತು ಮೋಹನ. ಪಕ್ಕದ ಇಸ್ತ್ರಿಯವರು ಕೇಳಿ ತಲೆದೂಗಿದರಂತೆ.

ನಿನ್ನ ಅಣ್ಣ ಯಾವ ಊರಿನಲ್ಲಿ ಹಾಡುತ್ತಿದ್ದಾನೋ, ಕಾಗದ ಇಲ್ಲ. ನೀನಾದರೂ ಬರೆ.

ನಿನ್ನ
ಅಮ್ಮ

ಇದರ ಕೆಳಗೆ ನನ್ನದೊಂದು ಸಾಲು. 'ಸಾದಾರಣ ಗಾಂದಾರ' ಎಂದು ಬರೆದಿದ್ದಾಳೆ ನಿನ್ನ ತಾಯಿ. ಸಾಧಾರಣ ಗಾಂಧಾರ ಎಂದು ತಿದ್ದಿ ಓದಿಕೊ. ಇಷ್ಟು ವರ್ಷ ನನ್ನ ಜೊತೆ ಬಾಳಿದರೂ ಇವಳಿಗೆ ಮಹಾಪ್ರಾಣ ಬರಲಿಲ್ಲ. — ಅಪ್ಪ

*

ಫೆಬ್ರವರಿ ೯

ಅಣ್ಣಾ,

ಅಮ್ಮನ ಕಾಗದವನ್ನು ಜೊತೆಗಿಟ್ಟಿದ್ದೇನೆ. ಓದಿ "ಎಲ್ಲ ಚೆನ್ನಾಗೇ ಇದೆಯಲ್ಲ" ಅನ್ನುತ್ತೀಯ. ವಿದ್ವಾಂಸರೇ, ಇವತ್ತು ನಿಮಗೆ ನನ್ನದೊಂದು ಪಾಠ. ಬೇಕಾದರೆ ತಾಳ ಹಾಕಿಕೊಂಡು ಕೇಳಿ.

ನಾವು ಚಿಕ್ಕವರಿದ್ದಾಗ ಅಪ್ಪ ಅಮ್ಮನಿಗೆ ಹೊಡೆದ ಮೇಲೆ ಏನು ನಡೆಯುತ್ತಿತ್ತು ಎಂದು ನಿನಗೆ ಗೊತ್ತಿಲ್ಲ. ನಿನ್ನನ್ನು ಸಾಧನೆಗೆ ಕೂರಿಸಿ ಕೋಣೆಯ ಬಾಗಿಲು ಹಾಕಿರುತ್ತಿದ್ದರು. ನಾನು ಹೊರಗಿನ ಸರಕು, ನನಗೆ ಎಲ್ಲ ಕಾಣುತ್ತಿತ್ತು. "ಈ ಮನೇಲಿ ಅಳು ರಾಗ ಬೇಡ. ಬೀದಿಗೆ ಕೇಳೋ ಹಾಗೆ ಮಂಗಳವಾಗಿ ಏನಾದ್ರೂ ಹಾಡು" ಅನ್ನುತ್ತಿದ್ದರು. ಅಮ್ಮ ತುಟಿಯ ರಕ್ತ ಸೆರಗಿಗೆ ಒರೆಸಿಕೊಂಡು ಮೋಹನ ಹಾಡುತ್ತಿದ್ದಳು. ಬೀದಿಯವರು "ಪುಣ್ಯವಂತರ ಮನೆ, ಸದಾ ಸಂಗೀತ" ಅನ್ನುತ್ತಿದ್ದರು.

ಶಾಲೆ ಬಿಟ್ಟು ಬರುವಾಗ ನಾನು ತಿರುವಿನಲ್ಲೇ ನಿಂತು ಕೇಳುತ್ತಿದ್ದೆ. ಅಪ್ಪ ಊರಲ್ಲಿ ಇಲ್ಲದ ದಿನ ಅಮ್ಮ ಪಾತ್ರೆ ತೊಳೆಯುತ್ತ ಶಿವರಂಜಿನಿ ಹಾಡುತ್ತಿದ್ದಳು, ನಿಧಾನವಾಗಿ, ಯಾರ ಹಂಗೂ ಇಲ್ಲದೆ. ಅದು ಕೇಳಿದರೆ ಓಡಿ ಒಳಗೆ. ಮೋಹನ ಕೇಳಿದರೆ ಇಸ್ತ್ರಿಯವರ ಅಂಗಡಿಯ ಕಟ್ಟೆಯ ಮೇಲೆ. ಒಂದು ದಿನ ಅವಳೇ ಬಾಯಿಬಿಟ್ಟು ಹೇಳಿದಳು, "ಮೋಹನ ಕೇಳಿದ್ರೆ ಒಳಗೆ ಬರಬೇಡ ಮಗಾ" ಅಂತ.

ಎರಡು ರಾಗಕ್ಕೂ ಅದೇ ಐದು ಸ್ವರ, ಗಾಂಧಾರ ಒಂದೇ ಬೇರೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಮೇಲಿನ ಅಂತರ ಗಾಂಧಾರವಾದರೆ ಮೋಹನ, ಒಂದು ಮೆಟ್ಟಿಲು ಇಳಿದು ಸಾಧಾರಣವಾದರೆ ಶಿವರಂಜಿನಿ. ನನ್ನ ಬಾಲ್ಯವೆಲ್ಲ ಆ ಒಂದು ಮೆಟ್ಟಿಲ ಮೇಲೆ ಕಳೆಯಿತು. ಒಂದು ಸಲ ಹಸಿವು ತಾಳದೆ ಮೋಹನ ಕೇಳಿದರೂ ಒಳಗೆ ಹೋದೆ. "ನೀನೂ ಹಾಡು" ಅಂದರು ಅಪ್ಪ. ಹೆದರಿಕೆಗೆ ಮೋಹನದಲ್ಲಿ ಇಲ್ಲದ ಮಧ್ಯಮ ಬಂದುಬಿಟ್ಟಿತು. ಕೆನ್ನೆಗೆ ಬೀಳಬೇಕಾದ ಏಟು ಎಡಗಿವಿಗೆ ಬಿತ್ತು. ಅವತ್ತಿನಿಂದ ಆ ಕಿವಿಯಲ್ಲಿ ಏನೂ ಇಲ್ಲ. ನೀನು ನನಗೆ ಒಂಟಿಕಿವಿ ಅಂತ ಹೆಸರಿಟ್ಟೆ, ಇಬ್ಬರೂ ನಕ್ಕೆವು.

ಈಗ ಅಮ್ಮನ ಕಾಗದವನ್ನು ಇನ್ನೊಮ್ಮೆ ಓದು. ಹೊರಗೆ ಹೋಗುವ ಪ್ರತಿ ಕಾಗದವನ್ನೂ ಅಪ್ಪ ಓದುತ್ತಾರೆ, ತಿದ್ದುತ್ತಾರೆ. ಅವಳಿಗೆ ಬರೆಯಲು ಉಳಿದಿರುವುದು ರಾಗದ ಹೆಸರು ಮಾತ್ರ. "ಬಹಳ ಹೊತ್ತು ಮೋಹನ" ಅಂದಿದ್ದಾಳೆ.

ಸಂಗೀತ ಬಿಟ್ಟು ಮುರಿದ ಮೂಳೆ ಕಟ್ಟಲು ಹೋದವಳು ಅಂತ ನನ್ನನ್ನು ಅವರು ಹೊಸಲು ತುಳಿಯಲು ಬಿಡುವುದಿಲ್ಲ. ನೀನು ಅವರ ಮುದ್ದಿನ ಶಿಷ್ಯ. ಹೋಗಿ ಅಮ್ಮನನ್ನು ಕರೆದುಕೊಂಡು ಬಾ. ಇಲ್ಲದಿದ್ದರೆ ಅವಳು ಆ ಮನೆಯಿಂದ ಹೆಣವಾಗಿ ಬರುತ್ತಾಳೆ, ಆಗ ಯಾವ ರಾಗ ಹಾಡಬೇಕು ಎಂದು ನೀನೇ ಆರಿಸು.

ನಿನ್ನ
ಒಂಟಿಕಿವಿ

*

ಫೆಬ್ರವರಿ ೨೧

ಒಂಟಿಕಿವಿ,

ನಿನ್ನ ಕಾಗದ ನನ್ನ ಬೆನ್ನು ಹತ್ತಿ ಊರೂರು ಸುತ್ತಿ ಈ ಲಾಡ್ಜಿನಲ್ಲಿ ಸಿಕ್ಕಿತು. ಇವತ್ತು ಸಂಜೆ ಕಚೇರಿ. ಇದನ್ನು ತಲೆಯಲ್ಲಿಟ್ಟುಕೊಂಡು ವೇದಿಕೆ ಹತ್ತಬೇಕು, ಉಪಕಾರವಾಯಿತು.

ಅಪ್ಪನದು ಮೂಗಿನ ತುದಿಯ ಕೋಪ, ಇಲ್ಲ ಅನ್ನುವುದಿಲ್ಲ. ನಾನೇನು ಹೂವಿನ ಹಾಸಿಗೆಯ ಮೇಲೆ ಕಲಿತೆನಾ? ಬೇಗಡೆ ರಾಗದ ನಿಷಾದ ತಪ್ಪಿದ್ದಕ್ಕೆ ತಾಳದ ಕೋಲಿನಿಂದ ಬಿದ್ದ ಏಟಿನ ಗುರುತು ತೊಡೆಯ ಮೇಲೆ ಇನ್ನೂ ಇದೆ. ಈಗ ಅದೇ ನಿಷಾದಕ್ಕೆ ಜನ ಚಪ್ಪಾಳೆ ತಟ್ಟುತ್ತಾರೆ. ತಟ್ಟಿದಾಗೆಲ್ಲ ತೊಡೆ ಚುರ್ ಅನ್ನುತ್ತದೆ, ಅದು ಬೇರೆ ಮಾತು. "ಏಟು ತಿನ್ನದ ಕಲ್ಲು ವಿಗ್ರಹ ಆಗಲ್ಲ" ಅಂತ ಅಪ್ಪ ಹೇಳುತ್ತಿದ್ದರಲ್ಲ. ನಾನು ಆದದ್ದು ಹಾಗೆಯೇ.

ಅಮ್ಮ ಮೋಹನವನ್ನು ಇಷ್ಟಪಟ್ಟೇ ಹಾಡುತ್ತಿರಬಹುದು. ನೀನು ದಿನವಿಡೀ ಮುರಿದ ಕೈಕಾಲು ನೋಡಿ ಎಲ್ಲದರಲ್ಲೂ ಅದನ್ನೇ ಕಾಣುತ್ತೀಯ. ಆದರೂ ಅಪ್ಪನ ಹತ್ತಿರ ಮಾತಾಡುತ್ತೇನೆ. ಈ ತಿಂಗಳ ಕಚೇರಿಗಳು ಮುಗಿಯಲಿ.

ಅಣ್ಣ

*

ಮಾರ್ಚ್ ೪

ಮಗಳೇ,

ಇಲ್ಲಿ ಎಲ್ಲರೂ ಸುಖ. ನಿಮ್ಮ ಅಪ್ಪ ಹನ್ನೊಂದನೇ ತಾರೀಕು ಭಾಷಣಕ್ಕೆ ಹೊರಡುತ್ತಾರೆ, ಅಂಗಿಗಳೆಲ್ಲ ಇಸ್ತ್ರಿಗೆ ಹೋಗಿವೆ. ಅವತ್ತಿನಿಂದ ಹುಡುಗಿಯರಿಗೆ ಮತ್ತೆ ಶಿವರಂಜಿನಿ ಹೇಳಿಕೊಡೋಣ ಎಂದಿದ್ದೇನೆ. ಗಾಂದಾರ ನಿಲ್ಲುತ್ತದೋ ನೋಡಬೇಕು.

ನಿನ್ನ
ಅಮ್ಮ

ಗಾಂಧಾರ. — ಅಪ್ಪ

*

ಮಾರ್ಚ್ ೧೪

ಅಣ್ಣಾ,

ನಿನ್ನ ಕಚೇರಿಗಳು ಮುಗಿಯುವುದಿಲ್ಲ ಎಂದು ನಾನೇ ಹೋಗಿಬಂದೆ. ತಿರುವಿನಲ್ಲಿ ನಿಂತು ಕೇಳಿದೆ. ಶಿವರಂಜಿನಿ ಬರುತ್ತಿತ್ತು. ಈ ವಯಸ್ಸಿನಲ್ಲೂ ಓಡಿದೆ.

ಅಮ್ಮ ತೋಳುದ್ದ ರವಿಕೆ ಹಾಕಿದ್ದಳು, ಸೆಖೆಯಲ್ಲಿ. ನಾನು ತೋಳು ಮೇಲೆ ಮಾಡಿದೆ. ಹಳದಿ, ಹಸಿರು, ಕಪ್ಪು, ಒಂದರ ಮೇಲೊಂದು. ಹಳೆಯದು ಯಾವುದು, ಹೊಸದು ಯಾವುದು ಎಂದು ನಮ್ಮ ಕೆಲಸದವರಿಗೆ ಬಣ್ಣದಲ್ಲೇ ತಿಳಿಯುತ್ತದೆ. ಬೆನ್ನು ನೋಡಲು ಅವಳು ಬಿಡಲಿಲ್ಲ. "ಹಾಲು ಉಕ್ಕುತ್ತೆ ತಡಿ" ಅಂತ ಒಲೆಯ ಹತ್ತಿರ ಹೋದಳು. ಒಲೆಯ ಮೇಲೆ ಹಾಲೇ ಇರಲಿಲ್ಲ.

"ಹೊರಡು, ಈಗಲೇ" ಅಂದೆ. ಕಾಲು ಹಿಡಿದೆ. ಬೈದೆ, "ನಿನಗೆ ಏಟಿನ ರುಚಿ ಹತ್ತಿದೆ" ಅನ್ನುವ ಮಾತನ್ನೂ ಆಡಿದೆ. ಅವಳು ಸಿಟ್ಟಾಗಲಿಲ್ಲ. ಪಡಸಾಲೆಯಲ್ಲಿ ಕೂತು ಸರಳೆ ವರಸೆ ಹಾಡುತ್ತಿದ್ದ ಹುಡುಗಿಯರನ್ನು ತೋರಿಸಿ ಪಿಸುಮಾತಿನಲ್ಲಿ ಹೇಳಿದಳು: "ನಾನು ಹೋದ್ರೆ ಇವು ಅವರ ಕೋಣೆಗೆ ಹೋಗ್ತವೆ ಕಣೇ. ಇನ್ನೂ ಸ್ವರ ನಿಂತಿಲ್ಲ, ಇನ್ನೂ ನಿಂತಿಲ್ಲ ಅಂತ ನಾನೇ ಹಿಡಿದಿಟ್ಕೊಂಡಿದೀನಿ."

ನಿಜ ಹೇಳಬೇಕೆಂದರೆ ಆ ಹುಡುಗಿಯರ ಸ್ವರ ಗಟ್ಟಿಯಾಗಿ ನಿಂತಿದೆ. ಕಣ್ಣು ಮುಚ್ಚಿ ಹಾಡುತ್ತಾರೆ, ಹೆದರಿಕೆಯಿಲ್ಲದ ಗಂಟಲು. ಆ ಮನೆಯಲ್ಲಿ ಅಂಥ ದನಿಯನ್ನು ನಾನು ಕೇಳಿಯೇ ಇರಲಿಲ್ಲ. ಅಮ್ಮ ಅವರನ್ನು ದಡ್ಡಿಯರೆಂದು ಹೇಳಿಕೊಂಡು ಕಾಯುತ್ತಿದ್ದಾಳೆ.

ಅಪ್ಪನ ಕೋಣೆಗೆ ಹೋದೆ. ತಾಳ ತಟ್ಟುವ ಹಲಗೆ, ಅದರ ಮೇಲೆ ಕೋಲು. ಹಿಡಿಯುವ ಕಡೆ ನುಣುಪಾಗಿದೆ. ಎತ್ತಿಕೊಂಡು ಕಿಟಕಿಯಿಂದ ಆಚೆ ಎಸೆಯಬೇಕು ಅನ್ನಿಸಿತು. ಆಮೇಲೆ, ಅವರ ಕೈಯನ್ನು ಆ ಹಲಗೆಯ ಮೇಲಿಟ್ಟು ಒಂದೊಂದೇ ಬೆರಳಿಗೆ ಹೊಡೆಯಬೇಕು ಅನ್ನಿಸಿತು. ಮೂಳೆ ಕಟ್ಟುವವಳಿಗೆ ಅದು ಎಲ್ಲಿ ಸುಲಭವಾಗಿ ಮುರಿಯುತ್ತದೆ ಎಂದೂ ಗೊತ್ತಿರುತ್ತದೆ. ಹಾಗೆ ಅನ್ನಿಸಿದ್ದಕ್ಕೆ ಖುಷಿಯಾಯಿತು. ಆ ಖುಷಿಗೆ ಹೆದರಿಕೆಯೂ ಆಯಿತು.

ಕಲ್ಲು, ವಿಗ್ರಹ ಅಂತ ಬರೆದಿದ್ದೀಯ. ಕಲ್ಲಿಗೆ ಏಟು ಬಿದ್ದಾಗ ಚೂರುಗಳೂ ಹಾರುತ್ತವೆ. ನೀನು ವಿಗ್ರಹವಾದೆ, ಸಂತೋಷ. ಚೂರಿನ ಕಾಗದ ಇದು.

ಒಂಟಿಕಿವಿ

*

ಮಾರ್ಚ್ ೨೩

ತಂಗೀ,

ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ. ನಿನ್ನ ಕಾಗದ ಓದಿ ತಡೆಯಲಾರದೆ ಅಪ್ಪನಿಗೆ ಫೋನ್ ಮಾಡಿದೆ. "ಅಮ್ಮನಿಗೆ ಹೊಡೀತೀರಂತೆ" ಎಂದು ಕೇಳಬೇಕು ಅಂದುಕೊಂಡಿದ್ದೆ. ಅವರ "ಹೂಂ, ಏನು?" ಕೇಳಿದ ಕೂಡಲೇ ನಾಲಿಗೆ ಒಳಗೆ ಹೋಯಿತು. ಇಷ್ಟು ವಯಸ್ಸಾಗಿ, ಇಷ್ಟು ಸಭೆ ಕಂಡು, ಆ ಒಂದು 'ಹೂಂ'ಗೆ ನಾನು ಚಡ್ಡಿ ಹಾಕಿದ ಹುಡುಗನಾದೆ. "ಅಮ್ಮನ ಕಾಗದದಲ್ಲಿ ರಾಗದ ಹೆಸರೆಲ್ಲ ಬರತ್ತಲ್ಲ ಅಪ್ಪ, ಅದ್ರಲ್ಲಿ ತಂಗಿ ಏನೇನೋ ಅರ್ಥ ಓದ್ಕೋತಾಳೆ, ಅಮ್ಮ ಚೆನ್ನಾಗಿದಾಳೆ ತಾನೇ?" ಎಂದು ಗೊಣಗಿದೆ.

ಅವರು "ಓ, ಹಾಗೋ" ಅಂದು ಫೋನ್ ಇಟ್ಟರು.

ಯಾವ ರಾಗಕ್ಕೆ ಯಾವ ಅರ್ಥ ಎಂದು ನಾನು ಹೇಳಲಿಲ್ಲ, ಆಣೆಯಿಟ್ಟು ಹೇಳುತ್ತೇನೆ. ಮತ್ತೆ ಫೋನ್ ಮಾಡಿದರೆ ಯಾರೂ ಎತ್ತುತ್ತಿಲ್ಲ.

ಅಣ್ಣ

*

ಮಾರ್ಚ್ ೨೭

ಚಿರಂಜೀವಿ ಮಗಳಿಗೆ,

ನಿನ್ನ ತಾಯಿ ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದಿದ್ದಾಳೆ. ಬಲಗೈ ಮೊಣಕೈಗೂ ಮಣಿಕಟ್ಟಿಗೂ ನಡುವೆ ಉಳುಕಿದೆ, ಸ್ವಲ್ಪ ಊತ. ಗಾಬರಿಪಡುವಂಥದ್ದಿಲ್ಲ. ಬರೆಯಲಾಗದ್ದರಿಂದ ಅವಳು ಹೇಳಿದ್ದನ್ನು ನಾನು ಬರೆಯುತ್ತಿದ್ದೇನೆ. ಇನ್ನು ಮುಂದಿನದು ಅವಳದೇ ಮಾತು.

ಮಗಳೇ, ಇಲ್ಲಿ ಎಲ್ಲರೂ ಸುಖ. ನಾನು ಬಹಳ ಸಂತೋಷವಾಗಿದ್ದೇನೆ. ಈ ವಾರ ಮನೆಯಲ್ಲಿ ಮೋಹನವೋ ಮೋಹನ. ಹುಡುಗಿಯರಿಗೂ ಮೋಹನ, ನನಗೂ ಮೋಹನ. ಅಂತರ ಗಾಂಧಾರ ಎಷ್ಟು ಪ್ರಸನ್ನವಾಗಿ ನಿಂತಿದೆ ಎಂದರೆ ಬೆಳಗಿನಿಂದ ಸಂಜೆಯವರೆಗೆ ಬೇರೆ ರಾಗವೇ ಬೇಡವೆನಿಸುತ್ತದೆ. ಆ ಶಿವರಂಜಿನಿಯ ಶೋಕವನ್ನು ಇನ್ನು ಮುಂದೆ ಈ ಮನೆಯಲ್ಲಿ ನೀನು ಕೇಳುವುದಿಲ್ಲ. ಆದ್ದರಿಂದ ನೀನು ಚಿಂತಿಸಿ ಬರುವ ಅಗತ್ಯವಿಲ್ಲ.

ಆಶೀರ್ವಾದಗಳೊಂದಿಗೆ,
ಅಮ್ಮ (ಬರೆದವರು: ಅಪ್ಪ)

*

ಮಾರ್ಚ್ ೩೦

ಅಣ್ಣಾ,

ಅಪ್ಪನ ಕಾಗದ ಬಂತು. ಮೋಹನವೋ ಮೋಹನ ಅಂತೆ. ನನಗೆ ಸಮಾಧಾನ ಆಗಲಿ ಎಂದು ಬರೆದಿದ್ದಾರೆ. ರಸದ ಮೇಲೆ ಭಾಷಣ ಮಾಡುವವರು, ಮೋಹನ ಅಂದರೆ ಸಂತೋಷ, ಶಿವರಂಜಿನಿ ಅಂದರೆ ದುಃಖ ಅಂದುಕೊಂಡುಬಿಟ್ಟಿದ್ದಾರೆ.

ಮತ್ತೆ, ಬಿದ್ದವರು ಅಂಗೈ ಊರುತ್ತಾರೆ, ಮಣಿಕಟ್ಟು ಹೋಗುತ್ತದೆ. ಅದಕ್ಕೂ ಮೊಣಕೈಗೂ ನಡುವೆ ಮುರಿಯುವುದು ಮುಖಕ್ಕೆ ಬರುವ ಏಟಿಗೆ ಕೈ ಅಡ್ಡ ಹಿಡಿದವರದು. ನಮ್ಮ ಕೋಣೆಗೆ ಅಂಥ ಕೈಗಳು ಬರುತ್ತಲೇ ಇರುತ್ತವೆ. ಎಲ್ಲವೂ ಬಚ್ಚಲಿನಲ್ಲಿ ಜಾರಿದವೇ.

ಹೊರಟೆ. ನೀನೂ ಹೊರಡು.

ಒಂಟಿಕಿವಿ

*

ಏಪ್ರಿಲ್ ೪

ಅಣ್ಣಾ,

ಅಮ್ಮ ನಮ್ಮ ಆಸ್ಪತ್ರೆಯಲ್ಲಿದ್ದಾಳೆ. ಜೀವಕ್ಕೆ ಭಯವಿಲ್ಲ. ಇದನ್ನು ಮೊದಲು ಓದಿ ಆಮೇಲೆ ಉಳಿದದ್ದನ್ನು ಓದು.

ಮಧ್ಯಾಹ್ನದ ಬಿಸಿಲಲ್ಲಿ ಹೋಗಿ ನಿಂತೆ. ಬಾಗಿಲು ಒಳಗಿನಿಂದ ಹಾಕಿತ್ತು. ಬಡಿಯಲು ಕೈ ಎತ್ತಿದಾಗ ಅಮ್ಮನ ಹಾಡು ಕೇಳಿತು. ಮೋಹನ. ಷಡ್ಜ ಬಂತು, ರಿಷಭ ಬಂತು, ಗಾಂಧಾರಕ್ಕೆ ಏರಲು ಹೋಗಿ ದನಿ ಜಾರಿ ಕೆಳಗಿನ ಗಾಂಧಾರದ ಮೇಲೆ ಬಿತ್ತು. ಕೂಡಲೇ ಕೋಲಿನ ಸದ್ದು. ಹಲಗೆಯ ಮೇಲೆ ಬಿದ್ದ ಸದ್ದಲ್ಲ. "ಅಂತರ ಗಾಂಧಾರ. ಇನ್ನೊಂದು ಸಲ." ಮತ್ತೆ ಷಡ್ಜ, ಮತ್ತೆ ರಿಷಭ, ಮತ್ತೆ ಜಾರಿತು, ಮತ್ತೆ ಸದ್ದು.

ನನಗೆ ಗೊತ್ತಾಗಲಿಲ್ಲ ಅಣ್ಣಾ. ಅದು ಮೋಹನವೂ ಅಲ್ಲ, ಶಿವರಂಜಿನಿಯೂ ಅಲ್ಲ. ಒಳಗೆ ಬರಬೇಡ ಅನ್ನುತ್ತಿದ್ದಾಳೋ, ಓಡಿ ಬಾ ಅನ್ನುತ್ತಿದ್ದಾಳೋ. ಅವಳನ್ನು ಕರೆದೊಯ್ಯಲು ಬಂದ ನಾನು, ಕಾಲು ತಾನಾಗಿ ನಡೆದು ಇಸ್ತ್ರಿಯವರ ಕಟ್ಟೆಯ ಹತ್ತಿರ ಹೋಗಿ ನಿಂತಿದ್ದೆ. ಚಿಕ್ಕಂದಿನ ಅಭ್ಯಾಸ ನೋಡು. ಇಸ್ತ್ರಿಯವರು ಈಗ ಮುದುಕರು. "ಕೂತ್ಕೋ ಮಗಾ, ಒಳಗೆ ಪಾಠ ನಡೀತಿದೆ. ನಿಮ್ಮಮ್ಮ ಈ ವಾರವೆಲ್ಲ ಎಷ್ಟು ಹಾಡಿದಾರೆ ಅಂತೀಯ" ಅಂದರು.

ಆ ಮಾತಿಗೆ ನನ್ನ ತಲೆ ಸಿಡಿಯಿತು. ಅವರ ಮುಂದಿದ್ದ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡೆ. ಒಳಗಿನ ಕೆಂಡ ದಾರಿಯುದ್ದ ಚೆಲ್ಲಿತು. ಬಾಗಿಲ ಚಿಲಕದ ಮೊಳೆ ಮೊದಲಿನಿಂದಲೂ ಸಡಿಲ, ಅಲ್ಲಿಗೇ ಕುಟ್ಟಿದೆ. ಕದ ಸೀಳಿ ಚಿಲಕ ಒಳಗೆ ಬಿತ್ತು. ಆಗ ಅಪ್ಪ ತಿರುಗಿ ನೋಡದೆ ಹೇಳಿದ ಮಾತು: "ಯಾರದು ಶ್ರುತಿ ಕೆಡಿಸ್ತಿರೋದು?"

ಅಮ್ಮ ನೆಲದ ಮೇಲೆ ಕೂತಿದ್ದಳು. ಮುಂದಿನ ಹಲ್ಲು ಇರಲಿಲ್ಲ. ಒಂದು ಕಣ್ಣು ಮುಚ್ಚಿಕೊಂಡಿತ್ತು. ಬಲಗೈ ಇರಬಾರದ ಕಡೆ ಬಾಗಿತ್ತು, ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಆ ಸ್ಥಿತಿಯಲ್ಲಿ ನನ್ನನ್ನು ನೋಡಿಯೂ ಹಾಡು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಬೀಳುತ್ತದೆ ಎಂದು ಮೈಗೆ ಅಭ್ಯಾಸವಾಗಿಹೋಗಿತ್ತು.

ಅಪ್ಪ ಕೋಲು ಎತ್ತಿದರು. ಅದು ನನ್ನ ಕೈಗೆ ಬಂದದ್ದು ಹೇಗೆ ಎಂದು ಸರಿಯಾಗಿ ಹೇಳಲಾರೆ. ನಾನು ಬೀಸಿದೆ. ಅವರು ಮುಖಕ್ಕೆ ಕೈ ಅಡ್ಡ ಹಿಡಿದರು. ಒಣಕಡ್ಡಿ ಮುರಿದ ಸದ್ದು. ಮೊಣಕೈಗೂ ಮಣಿಕಟ್ಟಿಗೂ ನಡುವೆ, ಅಮ್ಮನಿಗೆ ಮುರಿದಿದ್ದ ಕಡೆಯೇ. ಅಷ್ಟಕ್ಕೇ ಸಾಕಿತ್ತು. ಅವರು ಕೂಗಿಕೊಂಡು ಗೋಡೆಗೆ ಒರಗಿದ್ದರು. ಆದರೂ ಎರಡನೇ ಏಟು ಹೊಡೆದೆ. ಅದು ಹೆಗಲಿಗೆ ಬಿತ್ತು. ಮೂರನೆಯದಕ್ಕೆ ಎತ್ತಿದಾಗ ಅಮ್ಮನ ಹಾಡು ನಿಂತಿತು. ಅವಳು "ಬೇಡ" ಅನ್ನಲಿಲ್ಲ. "ಹೋಗೋಣ" ಅಂದಳು.

ಮುರಿದ ಕೈಗೆ ಆಸರೆ ಇಟ್ಟು ಕಟ್ಟಬೇಕಿತ್ತು. ಕೋಣೆಯಲ್ಲಿ ನೆಟ್ಟಗಿದ್ದದ್ದು ಆ ಕೋಲು ಒಂದೇ. ಅದನ್ನೇ ಇಟ್ಟು, ಸೆರಗು ಹರಿದು ಕಟ್ಟಿದೆ. ಅವಳನ್ನು ಹೊಡೆದ ಕೋಲನ್ನೇ ಕೈಗೆ ಕಟ್ಟಿಕೊಂಡು ಅಮ್ಮ ಆ ಮನೆಯಿಂದ ಹೊರಗೆ ಬಂದಳು. ಬಾಗಿಲಲ್ಲಿ ಇಸ್ತ್ರಿಯವರು ಖಾಲಿ ಪೆಟ್ಟಿಗೆ ಹಿಡಿದು ನಿಂತಿದ್ದರು. ಅಮ್ಮನ ಮುಖ ನೋಡಿ ಕಟ್ಟೆಯ ಮೇಲೆ ಕುಸಿದು ಕೂತರು. "ನಾನು ತಲೆದೂಗ್ತಿದ್ನಲ್ಲೇ ತಾಯಿ" ಎಂದು ಅತ್ತರು. ಅಪ್ಪನನ್ನು ಯಾವುದಾದರೂ ಆಸ್ಪತ್ರೆಗೆ ಸೇರಿಸಿ ಎಂದು ಅವರಿಗೇ ಹೇಳಿ ಬಂದೆ.

ನೀನು ಬರಲಿಲ್ಲ.

ಒಂಟಿಕಿವಿ

*

ಏಪ್ರಿಲ್ ೧೨

ತಂಗೀ,

ತಡವಾಗಿ ಬಂದೆ, ಮನೆಯಲ್ಲಿದ್ದೇನೆ. ಬಾಗಿಲಿಗೆ ಹಗ್ಗ ಕಟ್ಟಿದೆ. ಅಪ್ಪನ ಕೈಗೆ ಪ್ಲಾಸ್ಟರ್. ಬಂದವರಿಗೆಲ್ಲ "ಬಚ್ಚಲಲ್ಲಿ ಜಾರಿಬಿಟ್ಟೆ" ಅನ್ನುತ್ತಾರೆ. ಬಂದವರು "ಗಂಡನಿಗೂ ಅಲ್ಲೇ, ಹೆಂಡತಿಗೂ ಅಲ್ಲೇ, ಮೊದಲು ಆ ಬಚ್ಚಲು ತಿಕ್ಕಿಸಿ" ಎಂದು ಬುದ್ಧಿ ಹೇಳಿ ಹೋಗುತ್ತಾರೆ. ನಗು ಬಂತು. ನಕ್ಕ ಮೇಲೆ ವಾಂತಿಯಾಯಿತು.

ನೆಲದ ಮೇಲಿನ ಕಲೆ ನಾನೇ ತೊಳೆದೆ. ಅಪ್ಪ ಮಲಗಿದ್ದಲ್ಲಿಂದಲೇ "ಮೋಹನ ಹಾಡು, ಮನಸ್ಸಿಗೆ ಹಿತ" ಅಂದರು. ಬಾಯಿ ತೆಗೆದೆ, ದನಿ ಬರಲಿಲ್ಲ. ಮುಂದಿನ ಕಚೇರಿಗಳಿಗೆಲ್ಲ ಬರುವುದಿಲ್ಲ ಎಂದು ಹೇಳಿದ್ದೇನೆ. ಹೆದರಿಕೆ ತೆಗೆದರೆ ನನ್ನ ಸಂಗೀತದಲ್ಲಿ ಏನು ಉಳಿಯುತ್ತದೋ ನನಗೆ ತಿಳಿಯದು.

ನಾನು ಆ ಫೋನ್ ಮಾಡದಿದ್ದರೆ ಅಮ್ಮನ ಕೈ ಉಳಿಯುತ್ತಿತ್ತು. ಇದನ್ನು ನೀನು ಬರೆಯಲಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಒಂದು ಕೇಳಲಾ? ಎರಡನೇ ಏಟು ಯಾಕೆ ಹೊಡೆದೆ?

ಅಣ್ಣ

*

ಜೂನ್ ೨

ಸೌಭಾಗ್ಯವತಿಗೆ,

ನನ್ನ ಕೈ ಕೂಡಿದೆ. ನಿನ್ನದೂ ಕೂಡಿರಬೇಕು. ನಡೆದದ್ದು ನಡೆದುಹೋಯಿತು. ನಿನ್ನ ಮಗಳನ್ನು ಕ್ಷಮಿಸಿದ್ದೇನೆ, ಆಸ್ಪತ್ರೆಯ ಸಹವಾಸ ಅವಳನ್ನು ಒರಟು ಮಾಡಿದೆ.

ಮನೆ ಬಿಕೋ ಎನ್ನುತ್ತಿದೆ. ಚಿಕ್ಕ ಹುಡುಗಿಯರು ಒಬ್ಬರಾದ ಮೇಲೊಬ್ಬರು ಪಾಠಕ್ಕೆ ಬರುವುದನ್ನು ಬಿಟ್ಟರು, ಕಾರಣ ತಿಳಿಯದು. ಇಸ್ತ್ರಿಯವನು ನನ್ನ ಬಟ್ಟೆ ಮುಟ್ಟುವುದಿಲ್ಲ. ಬೆಳಗಿನ ಹೊತ್ತು ನಿನ್ನ ಮೋಹನ ಕೇಳದೆ ಬೀದಿಯೇ ಮಂಕಾಗಿದೆ. ಅದು ಎಷ್ಟು ಆನಂದದ ರಾಗ. ನಿನ್ನ ಕಂಠಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿ ಈಗ ಏನು ಹಾಡಿಕೊಳ್ಳುತ್ತೀಯೆ?

ಹೊರಟು ಬಾ.

ನಿನ್ನ ಯಜಮಾನ

*

ಜೂನ್ ೧೦

ಮಕ್ಕಳ ಅಪ್ಪನಿಗೆ,

ಈ ಕಾಗದವನ್ನು ನಾನೇ ಬರೆದು ನಾನೇ ಅಂಚೆಗೆ ಹಾಕುತ್ತೇನೆ. ಅಕ್ಷರ ವಕ್ರವಾಗಿದ್ದರೆ ಕೈಯ ದೋಷ.

ಮೊದಲನೆಯದಾಗಿ, ನಾನು ಬಚ್ಚಲಿನಲ್ಲಿ ಬಿದ್ದಿರಲಿಲ್ಲ. ನೀವು ಹೊಡೆದಿರಿ. ಮದುವೆಯಾದ ವರ್ಷ ಹೊಡೆದಿರಿ, ಬಸುರಿಯಿದ್ದಾಗ ಹೊಡೆದಿರಿ, ಮಗ ಒಳಗೆ ಸ್ವರ ಹಾಡುತ್ತಿದ್ದಾಗ ಅವನ ತಾಳಕ್ಕೆ ಸರಿಯಾಗಿ ಹೊಡೆದಿರಿ. ಇಷ್ಟು ವರ್ಷ ಈ ಮಾತನ್ನು ಬಾಯಲ್ಲಿ ಆಡಿರಲಿಲ್ಲ. ಬರೆದು ನೋಡಿದರೆ ಎಷ್ಟು ಚಿಕ್ಕ ಮಾತು.

ಹುಡುಗಿಯರು ಬರುವುದನ್ನು ಬಿಟ್ಟದ್ದಕ್ಕೆ ಕಾರಣ ನಾನು. ಆಸ್ಪತ್ರೆಯಿಂದಲೇ ಅವರ ತಾಯಂದಿರಿಗೆ ಮಗನ ಕೈಲಿ ಹೇಳಿಕಳಿಸಿದೆ. ಅವನಿಗೆ ಹೇಳಲು ಬರುತ್ತದೋ ಇಲ್ಲವೋ ಎಂದುಕೊಂಡಿದ್ದೆ. ಹೇಳಿದನಂತೆ, ಒಂದೊಂದು ಬಾಗಿಲಲ್ಲೂ ನಿಂತು.

ಮಗಳನ್ನು ಕ್ಷಮಿಸಿದ್ದೀರಿ ಎಂದು ಬರೆದಿದ್ದೀರಿ. ಅವಳು ಮೊದಲ ಏಟಿಗೆ ಪಶ್ಚಾತ್ತಾಪ ಪಡುವುದಿಲ್ಲ. ಎರಡನೆಯದಕ್ಕೆ ಕೂತಲ್ಲಿ ನಿಂತಲ್ಲಿ ಅಳುತ್ತಾಳೆ. ನಿಮ್ಮಿಂದ ಅವಳು ಕಲಿತ ಪಾಠ ಅದೊಂದೇ, ಅದನ್ನು ಮರೆ ಎಂದು ನಾನು ದಿನವೂ ಹೇಳಿಕೊಡುತ್ತಿದ್ದೇನೆ. ನಿಮ್ಮ ಕೋಲು ಇಲ್ಲಿದೆ. ಕಿಟಕಿ ಗಾಳಿಗೆ ಬಡಿಯದಂತೆ ಅಡ್ಡ ಇಟ್ಟಿದ್ದೇವೆ.

ಇನ್ನು ಮೋಹನ. ಅದು ಆನಂದದ ರಾಗ ಎಂದು ಬರೆದಿದ್ದೀರಿ. ನೀವು ಊರಲ್ಲಿದ್ದು ಸಿಟ್ಟಿನಲ್ಲಿದ್ದರೆ ನಾನು ಮೋಹನ ಹಾಡುತ್ತಿದ್ದೆ, ಮಗಳು ಒಳಗೆ ಬರದಿರಲಿ ಎಂದು. ನೀವು ಇಲ್ಲದ ದಿನ ಶಿವರಂಜಿನಿ ಹಾಡುತ್ತಿದ್ದೆ, ಓಡಿ ಬರಲಿ ಎಂದು. ಮಾರ್ಚಿನಲ್ಲಿ ನಾನು ಸುಖವಾಗಿದ್ದೇನೆ ಎಂದು ನಂಬಿಸಲು ನೀವು ಮಗಳಿಗೆ ಮೋಹನವೋ ಮೋಹನ ಎಂದು ಬರೆದಿರಿ. ಅದನ್ನು ಓದಿಯೇ ಅವಳು ಹೊರಟು ಬಂದಳು. ನನ್ನ ಕೈಲಿ ಬರೆಯಲು ಆಗದಿದ್ದದ್ದನ್ನು ನೀವೇ ನಿಮ್ಮ ಕೈಯಾರೆ ಬರೆದು ಅಂಚೆಗೆ ಹಾಕಿದಿರಿ. ಅದೊಂದಕ್ಕೆ ನಿಮ್ಮ ಉಪಕಾರ ನನ್ನ ಮೇಲಿದೆ.

ಇಲ್ಲಿ ಏನು ಹಾಡುತ್ತೀಯ ಎಂದು ಕೇಳಿದ್ದೀರಿ. ಬೆಳಿಗ್ಗೆ ಪಾತ್ರೆ ತೊಳೆಯುವಾಗ ಶಿವರಂಜಿನಿ ಹಾಡುತ್ತೇನೆ. ಮುಂದಿನ ಹಲ್ಲಿಲ್ಲದೆ ಗಾಳಿ ಹೋಗುತ್ತದೆ, ಆದರೂ ಅದರ ಸಾದಾರಣ ಗಾಂದಾರ ನಿಂತಲ್ಲಿ ನಿಲ್ಲುತ್ತದೆ. ಪಕ್ಕದ ಮನೆಯಾಕೆ "ಯಾಕಮ್ಮ, ಅಷ್ಟೊಂದು ದುಃಖಾನಾ?" ಎಂದು ಕೇಳಿದರು. ಮಗಳು ಒಳಗಿನಿಂದ "ಇಲ್ಲ, ಅಮ್ಮ ಖುಷಿಯಾಗಿದಾಳೆ" ಅಂದಳು. ಆಕೆಗೆ ಅರ್ಥವಾಗಲಿಲ್ಲ.

ಒಂದು ಮಾತು ನಿಮಗೆ ಗೊತ್ತಿರಲಿ. ಮದುವೆಗೆ ಮುಂಚೆ ನನಗೆ ಮೋಹನ ಅಂದರೆ ಪ್ರಾಣ. ನಮ್ಮ ಅಪ್ಪನ ಮನೆಯ ಮೆಟ್ಟಿಲ ಮೇಲೆ ಕೂತು ಸುಮ್ಮಸುಮ್ಮನೆ ಹಾಡಿಕೊಳ್ಳುತ್ತಿದ್ದೆ, ಯಾರೂ ಹಾಡು ಅನ್ನದೆ. ಮೊನ್ನೆ ಪ್ಲಾಸ್ಟರ್ ಕತ್ತರಿಸಿದ ದಿನ ಒಮ್ಮೆ ಹಾಡಿ ನೋಡಿದೆ. ಗಾಂದಾರಕ್ಕೆ ಬರುವ ಮೊದಲೇ ಕೈ ತಾನಾಗಿ ಮುಖದ ಮುಂದೆ ಎದ್ದು ನಿಂತಿತು. ಕೈ ಕೂಡಿಕೊಂಡಿತು. ಮೋಹನ ಕೂಡಿಕೊಂಡಿಲ್ಲ.

ನಾನು ಬರುವುದಿಲ್ಲ.

ಒಂಟಿಕಿವಿಯ ಅಮ್ಮ

ಸಾದಾರಣ ಗಾಂದಾರ ಎಂದು ಬರೆದಿರುವುದು ನನಗೆ ಗೊತ್ತಿದೆ. ತಿದ್ದಬೇಡಿ.